ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳ ದೇಹಭಂಗಿ: ಮನೆ ಹಾಗೂ ಅಂಗನವಾಡಿಯಲ್ಲಿ ವಹಿಸಬೇಕಾದ ಎಚ್ಚರ

ಸೆರೆಬ್ರಲ್ ಪಾಲ್ಸಿಯುಳ್ಳ ಮಗುವಿನ ಸ್ನಾಯುಗಳು ವಿಪರೀತ ಬಿಗಿಯಾಗಿ ಅಥವಾ ಸಡಿಲವಾಗಿ ಇರುವುದರಿಂದ ತಾನಾಗಿ ಮಗ್ಗುಲು ಬದಲಿಸುವುದೂ ಅದಕ್ಕೆ ಕಷ್ಟ. ಮೆದುಳಿಗಾದ ಹಾನಿ ಹೆಚ್ಚುವುದಿಲ್ಲ. ಆದರೆ ದಿನವಿಡೀ ಒಂದೇ ಭಂಗಿಯಲ್ಲಿ ಉಳಿದರೆ ಬೆನ್ನುಮೂಳೆ ಡೊಂಕಾಗುವ, ಸೊಂಟದ ಕೀಲು ಜಾರುವ ಸಂಭವವುಂಟು.

ಮಗುವನ್ನು ಕುಳ್ಳಿರಿಸುವಾಗ ಮೊದಲು ಗಮನಿಸಬೇಕಾದುದು ತಲೆಯನ್ನಲ್ಲ, ಸೊಂಟವನ್ನು. ಸೊಂಟವು ಆಸನದ ಹಿಂಬದಿಗೆ ತಾಗಿ ಸಮವಾಗಿ ನಿಂತರೆ ತಲೆ ಮತ್ತು ಕೈಗಳ ಹತೋಟಿಯೂ ಸುಧಾರಿಸುತ್ತದೆ. ಸೊಂಟ, ಮಂಡಿ, ಪಾದದ ಕೀಲುಗಳು ಸುಮಾರು 90 ಡಿಗ್ರಿಯಲ್ಲಿರಬೇಕು. ಪಾದಗಳು ತೂಗಾಡದಂತೆ ಕೆಳಗೆ ಮಣೆಯನ್ನೂ, ಪಕ್ಕಗಳಿಗೆ ಆನಿಕೆಯಾಗಿ ಸುತ್ತಿದ ಟವೆಲನ್ನೂ ಇಡಬಹುದು. ವಿಶೇಷ ಕುರ್ಚಿ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲ.

ಮಲಗಿಸಿ ಉಣಿಸುವುದು ಅಪಾಯಕರ. ಗಂಜಿಯು ಶ್ವಾಸನಾಳವನ್ನು ಸೇರಿ ನ್ಯುಮೋನಿಯಾಕ್ಕೆ ಕಾರಣವಾಗಬಹುದು. ನೇರವಾಗಿ ಕುಳ್ಳಿರಿಸಿ, ಗದ್ದವನ್ನು ತುಸು ತಗ್ಗಿಸಿ, ಎದುರಿನಿಂದ ಉಣಿಸತಕ್ಕದ್ದು. ನಿಂತುಕೊಂಡು ಮೇಲಿನಿಂದ ತುತ್ತಿಟ್ಟರೆ ಮಗುವಿನ ತಲೆ ಹಿಂದಕ್ಕೆ ವಾಲುತ್ತದೆ. ಅವಸರದಲ್ಲಿ ಬಹುತೇಕರು ಮಾಡುವ ತಪ್ಪು ಇದೇ.

ಸರಿಯಾದ ಭಂಗಿಯೂ ಗಂಟೆಗಟ್ಟಲೆ ಮುಂದುವರಿದರೆ ಹಿತಕರವಲ್ಲ. ಕುಳಿತಿರುವುದು, ಒರಗುವುದು, ಎಚ್ಚರವಿದ್ದಾಗ ಹಿರಿಯರ ಕಣ್ಣೆದುರಿಗೆ ಬೋರಲು ಮಲಗುವುದು ಸರದಿಯಂತೆ ಬದಲಾಗುತ್ತಿರಲಿ. ಬಿಗಿದ ಕಾಲನ್ನು ಬಲವಂತವಾಗಿ ಎಳೆಯಕೂಡದು. ಮಗು ನೋವಿನಿಂದ ಅತ್ತರೆ, ಒಂದು ಕಾಲು ಗಿಡ್ಡವಾದಂತೆ ಕಂಡರೆ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಿಳಿಸಿ, ವಿಳಂಬವಿಲ್ಲದೆ ವೈದ್ಯರ ಹಾಗೂ ಫಿಸಿಯೋಥೆರಪಿಸ್ಟರ ತಪಾಸಣೆಗೆ ಒಳಪಡಿಸತಕ್ಕದ್ದು.