ರಾಜಾನ ಅಜ್ಜ, ಬ್ರೂನೊನ ಅಕ್ಕ

ನಸುಕಿನ ಐದೂವರೆಗೆ ಮೂಡಲಗಿಯ ನಮ್ಮ ಓಣಿ ದಾಟಿ ಕಬ್ಬಿನ ಹೊಲಗಳ ನಡುವಿನ ರಸ್ತೆ ಹಿಡಿದರೆ ಎದುರಾಗುವ ನೆರೆಹೊರೆಯವರ ಹೆಸರು ಬಹಳ ದಿನ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರ ನಾಯಿಗಳ ಹೆಸರು. ಹಾಗಾಗಿ ನನ್ನ ಲೆಕ್ಕದಲ್ಲಿ ಒಬ್ಬರು ರಾಜಾನ ಅಜ್ಜ, ಇನ್ನೊಬ್ಬರು ಬ್ರೂನೊನ ಅಕ್ಕ. ಮತ್ತೊಬ್ಬರು ಯಾರ ಮನೆಯದೂ ಅಲ್ಲದ ಕಾಳ್ಯಾನಿಗೆ ದಿನಾ ಅರ್ಧ ರೊಟ್ಟಿ ತರುವ ಕಾಕಾ.

ನಾನು ವಾಕಿಂಗ್‌ಗೆ ಹೋಗುವವಳಲ್ಲ, ಓಡುವವಳು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಮುಗಿಸಬೇಕು. ಹುಡುಗರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡು. ಪುಸ್ತಕವನ್ನು ಮನೆಯಲ್ಲಿ ಕುಳಿತು ಓದಬಹುದು, ಇದನ್ನು ಮಾತ್ರ ರಸ್ತೆಯಲ್ಲೇ ಕಲಿಯಬೇಕು. ಆದರೆ ಓಡುವವರನ್ನು ಕಂಡರೆ ಬೆನ್ನು ಹತ್ತುವುದು ನಾಯಿಯ ಹುಟ್ಟುಗುಣ. ಮೊದಲ ವಾರವೇ ಕಾಳ್ಯಾ ಅಟ್ಟಿಸಿಕೊಂಡು ಬಂದ. ಸುದ್ದಿ ಮನೆ ಮುಟ್ಟಿ, ‘ಓಡೂದೂ ಬ್ಯಾಡ, ನೌಕರಿನೂ ಬ್ಯಾಡ’ ಎಂದು ಅವ್ವ ಶೂ ಎತ್ತಿಟ್ಟಳು.

ಶೂ ವಾಪಸು ಕೊಡಿಸಿದ್ದು ರಾಜಾನ ಅಜ್ಜ. ಸೀದಾ ಮನೆಗೆ ಬಂದು, ‘ನಾ ದಿನಾ ಅದೇ ದಾರ್‍ಯಾಗ ಇರ್ತೀನಿ, ಹುಡುಗಿನ್ನ ಕಳಸವಾ’ ಎಂದು ಅವ್ವನಿಗೆ ಹೇಳಿದರು. ನನಗೆ ಪಾಠವನ್ನೂ ಮಾಡಿದರು: ‘ನಾಯಿ ಬೆನ್ನ ಹತ್ತಿದ್ರ ಓಡಬ್ಯಾಡ ತಂಗಿ, ನಿಲ್ಲು. ಅದರ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ಅಡ್ಡ ತಿರುಗಿ ಸುಮ್ನ ನಿಂತ್ರ ಅದಕ್ಕ ಬ್ಯಾಸರಾಗಿ ಹೋಗತೈತಿ.’ ಕಾಳ್ಯಾನಿಗೆ ಮೂರು ದಿನದಲ್ಲಿ ಬೇಸರ ಬಂತು. ನಾಲ್ಕನೇ ದಿನ ಬಾಲ ಅಲ್ಲಾಡಿಸಿದ.

ರಾಜಾ ಮುಧೋಳ ನಾಯಿ. ಮುಧೋಳ ನಮಗೇನು ದೂರವಲ್ಲ, ಈ ಭಾಗದ ಹಳ್ಳಿಗಳಲ್ಲಿ ಈ ಬೇಟೆನಾಯಿ ಅಪರೂಪವೂ ಅಲ್ಲ. ಉದ್ದ ಕಾಲು, ಬಿಲ್ಲಿನಂಥ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು. ಹೊಸಬರೆಲ್ಲ ಅಜ್ಜನನ್ನು, ‘ನಾಯಿಗೆ ಕೂಳು ಹಾಕೂದಿಲ್ಲೇನ್ರಿ?’ ಎಂದೇ ಕೇಳುತ್ತಾರೆ. ಅದರ ತಳಿಯೇ ಹಾಗೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ, ಓಡದಿದ್ದರೆ ಮಂಕಾಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಮರಿಗಳು 2016ರಲ್ಲಿ ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ನಮ್ಮ ಕಡೆಯ ನಾಯಿಗೆ ಮಿಲಿಟರಿ ನೌಕರಿ ಸಿಕ್ಕಿತು, ನಾವಿನ್ನೂ ಅಧಿಸೂಚನೆಗೆ ಕಾಯುತ್ತಿದ್ದೇವೆ!

ಡಿಗ್ರಿ ಮುಗಿಸಿ ಮನೆಯಲ್ಲಿರುವವರಿಗೆ ಇನ್ನೊಂದು ಸಂಗತಿ ಅರ್ಥವಾಗುತ್ತದೆ. ಮದುವೆಗೆ ಹೋಗಲಿ, ಕಿರಾಣಿ ಅಂಗಡಿಗೆ ಹೋಗಲಿ, ಮೊದಲ ಪ್ರಶ್ನೆ ‘ನೌಕರಿ ಏನಾತು?’ ಎಂಬುದೇ. ನಸುಕಿನ ರಸ್ತೆಯಲ್ಲಿ ಆ ಪ್ರಶ್ನೆ ಇಲ್ಲ. ಬ್ರೂನೊನ ಹೊಟ್ಟೆ ಕೆಟ್ಟದ್ದು, ರಾಜಾ ಬೆಕ್ಕಿನ ಹಿಂದೆ ಹಾರಿ ಸರಪಳಿ ಹರಿದದ್ದು, ಮಾತೆಲ್ಲ ಇಷ್ಟೇ. ಬ್ರೂನೊನ ಅಕ್ಕ ಶಾಲೆಯ ಶಿಕ್ಷಕಿ ಎಂದು ನನಗೆ ತಿಳಿದದ್ದೇ ಆರು ತಿಂಗಳ ಮೇಲೆ. ಈಗ ಭಾನುವಾರ ಅವರ ಮನೆಯಲ್ಲಿ ಗಣಿತ ಹೇಳಿಸಿಕೊಳ್ಳುತ್ತೇನೆ. ಬ್ರೂನೊ ಕಾಲ ಬುಡದಲ್ಲಿ ಮಲಗಿರುತ್ತದೆ.

ಎಲ್ಲರ ಅನುಭವವೂ ಹೀಗೇ ಇರುತ್ತದೆಂದು ಹೇಳಲಾರೆ. ಹುಕ್ಕೇರಿಯಲ್ಲಿ ತಯಾರಿ ನಡೆಸಿದ್ದ ಗೆಳೆಯನಿಗೆ ದೈಹಿಕ ಪರೀಕ್ಷೆಯ ಮುನ್ನಾ ವಾರ ಬೀದಿನಾಯಿ ಮೀನಖಂಡ ಕಚ್ಚಿತು. ಮನೆಯವರು ಅರಿಶಿಣ ಹಚ್ಚಲು ಓಡಿ ಬಂದರೆ, ಅವನು ಮಾತ್ರ ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋದ. ಸರಿಯಾದದ್ದೂ ಅದೇ. ಕಚ್ಚಿದ ದಿನ, ಬಳಿಕ 3, 7, 14 ಮತ್ತು 28ನೇ ದಿನ ಚುಚ್ಚುಮದ್ದು. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯುವುದು ತೀರಾ ವಿರಳ, ಹಾಗಾಗಿ ಒಂದು ಡೋಸನ್ನೂ ಅವನು ತಪ್ಪಿಸಲಿಲ್ಲ. ಜೀವಕ್ಕೇನೂ ಆಗಲಿಲ್ಲ, ಆ ವರ್ಷದ ಓಟ ಮಾತ್ರ ಹೋಯಿತು. ಬೀದಿನಾಯಿಯ ಮೇಲೆ ಪ್ರೀತಿ ಇರಬೇಕೆಂದು ಅವನಿಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ಇರುವ ಮತ್ತು ಆಕ್ರಮಣ ಮಾಡುವ ನಾಯಿಗಳನ್ನು ಬಿಡಬಾರದು ಎಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿತು. ಅನ್ನ ಹಾಕಲು ಪ್ರತ್ಯೇಕ ಜಾಗ ಗುರುತಿಸಲೂ ಸೂಚಿಸಿತು. ನಮ್ಮಂಥ ಊರುಗಳಲ್ಲಿ ಆ ಚಿಕಿತ್ಸೆ ಮಾಡಿಸುವವರು ಯಾರು ಎಂಬುದೇ ಪ್ರಶ್ನೆ. ನಮ್ಮ ಓಣಿಯವರು ತಲಾ ಇಷ್ಟೆಂದು ಹಣ ಹಾಕಿ ಕಾಳ್ಯಾನಿಗೆ ಲಸಿಕೆ ಹಾಕಿಸಿದ್ದೇವೆ. ಅವನನ್ನು ಹಿಡಿದು ಕೂರಿಸುವ ಹೊತ್ತಿಗೆ ಅರ್ಧ ಓಣಿಯವರ ಪರಿಚಯವಾಯಿತು.

ಈ ಮಳೆಗಾಲದಲ್ಲಿ ಅಜ್ಜನ ಮೊಣಕಾಲು ಊದಿಕೊಂಡವು. ನಡೆಯಲಾಗದೆ ಅವರು ಕಟ್ಟೆ ಹಿಡಿದು ಕುಳಿತರೆ, ರಾಜಾ ಊಟ ಬಿಟ್ಟು ಬಾಗಿಲ ಕಡೆಯೇ ನೋಡುತ್ತಿತ್ತು. ಒಂದು ಸಂಜೆ ಅಜ್ಜನ ಸೊಸೆ ನಮ್ಮ ಮನೆಗೆ ಬಂದು ಸರಪಳಿಯನ್ನು ನನ್ನ ಕೈಗಿಟ್ಟರು. ಮುಧೋಳ ನಾಯಿಯ ಜೊತೆ ಓಡುವುದೆಂದರೆ ಓಡುವುದಲ್ಲ, ಎಳೆಸಿಕೊಳ್ಳುವುದು. ಮೊದಲ ದಿನ ಅಂಗೈ ಕೆಂಪಾಯಿತು. ಆದರೂ 2 ನಿಮಿಷ 9 ಸೆಕೆಂಡಿನಲ್ಲಿ ಹಟ ಹಿಡಿದು ನಿಂತಿದ್ದ ನನ್ನ 400 ಮೀಟರ್ ಎರಡು ತಿಂಗಳಲ್ಲಿ 1 ನಿಮಿಷ 53 ಸೆಕೆಂಡಿಗೆ ಇಳಿಯಿತು. ಪರೀಕ್ಷೆಯಲ್ಲಿ ರಾಜಾ ಇರುವುದಿಲ್ಲ ಎಂದು ವಾರಕ್ಕೆ ಎರಡು ದಿನ ಅವನನ್ನು ಕಟ್ಟೆಯ ಮೇಲೆ ಬಿಟ್ಟು ಒಬ್ಬಳೇ ಓಡುತ್ತೇನೆ. ಅಜ್ಜ ಕೈಗಡಿಯಾರ ಹಿಡಿದು ಸಮಯ ನೋಡುತ್ತಾರೆ. ಕೊನೆಯ ಕಂಬ ಮುಟ್ಟಿ ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಟ್ಟರೆ, ‘ನಾ ಕುಂತೀನಿ, ರಾಜಾ ಕುಂತಾನ. ನೀ ಯಾಕ ನಿಂತಿ?’ ಎಂದು ಅಲ್ಲಿಂದಲೇ ಕೂಗುತ್ತಾರೆ.