ಥೈರಾಯ್ಡ್ ಗ್ರಂಥಿ ಮತ್ತು ರಕ್ತದಲ್ಲಿನ ಸುಣ್ಣದಂಶ

ಚಿಂಚಲಿ, ರಾಯಬಾಗ, ಕುಡಚಿ ಭಾಗದ ಸದ್ಭಕ್ತರು ಥೈರಾಯ್ಡ್ ತಪಾಸಣೆಗಾಗಿ ಬೆಳಗಾವಿಗೋ ಮಿರಜಕ್ಕೋ ಹೋಗಿಬರುವುದುಂಟು. ವರದಿಯಲ್ಲಿ ಟಿಎಸ್‌ಎಚ್ ಜೊತೆಗೆ ಕ್ಯಾಲ್ಸಿಯಂ ಎಂಬ ಅಂಕಿಯೂ ಇದ್ದರೆ, ಕೊರಳಿನ ಗ್ರಂಥಿಗೂ ಎಲುಬಿನ ಸುಣ್ಣಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಸಂಬಂಧವಿದೆ, ಆದರೆ ಅನೇಕರು ಭಾವಿಸುವ ರೀತಿಯದಲ್ಲ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಇದೆ. ಅದರ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಗಾತ್ರದ, ಸಾಮಾನ್ಯವಾಗಿ ನಾಲ್ಕು, ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಮ್ಮನ್ನು ಪ್ರತಿ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಮಿತಿಯಲ್ಲಿ ಕಾಯುವ ಮುಖ್ಯ ಹೊಣೆ ಈ ಚಿಕ್ಕವುಗಳದೇ. ಪ್ರಮಾಣ ಇಳಿದೊಡನೆ ಇವುಗಳ ಹಾರ್ಮೋನು ಎಲುಬಿನಿಂದ ಸುಣ್ಣವನ್ನು ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಥೈರಾಯ್ಡ್ ಸ್ವತಃ ಸ್ರವಿಸುವ ಕ್ಯಾಲ್ಸಿಟೋನಿನ್ ಸುಣ್ಣದಂಶವನ್ನು ಇಳಿಸುತ್ತದೆಯಾದರೂ ಮನುಷ್ಯರಲ್ಲಿ ಅದರ ಪಾತ್ರ ಅಲ್ಪ. ಈ ಪುಟ್ಟ ಗ್ರಂಥಿಗಳನ್ನು ಮೊದಲು ಗುರುತಿಸಿದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ ಎಂಬುದು ಸೋಜಿಗ! ಮಾನವರಲ್ಲಿ ಅವುಗಳನ್ನು 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್.

ಥೈರಾಯ್ಡ್ ಹಾರ್ಮೋನು ಅತಿಯಾದಾಗ ಎಲುಬು ಬೇಗ ಸವೆದು ರಕ್ತದ ಕ್ಯಾಲ್ಸಿಯಂ ಕೆಲವರಲ್ಲಿ ತುಸು ಏರಬಹುದು. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದಿದ್ದರೆ ಮೂಳೆ ಟೊಳ್ಳಾಗುತ್ತದೆ. ಹಾರ್ಮೋನು ಕಡಿಮೆಯಿರುವವರಲ್ಲಿಯಾದರೋ ಕ್ಯಾಲ್ಸಿಯಂ ಬಹುತೇಕ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಸುಸ್ತೆಂದು ತಾವಾಗಿಯೇ ಕ್ಯಾಲ್ಸಿಯಂ ಗುಳಿಗೆ ಕೊಂಡು ನುಂಗುವುದು ಯುಕ್ತವಲ್ಲ. ಕ್ಯಾಲ್ಸಿಯಂ ಮಿತಿಮೀರಿದ್ದು, ಮೂತ್ರಪಿಂಡದ ಹರಳೂ ಮರುಕಳಿಸುತ್ತಿದ್ದರೆ ಪ್ಯಾರಾಥೈರಾಯ್ಡ್ ತಪಾಸಣೆ ಅಗತ್ಯ.

ನಿಜವಾದ ಎಚ್ಚರಿಕೆ ಬೇಕಾಗುವುದು ಶಸ್ತ್ರಚಿಕಿತ್ಸೆಯ ನಂತರ. ಗಳಗಂಡಕ್ಕಾಗಿಯೋ ಗಂಟಿಗಾಗಿಯೋ ಇಡೀ ಥೈರಾಯ್ಡನ್ನು ತೆಗೆಯುವಾಗ ಹಿಂಬದಿಯ ಗ್ರಂಥಿಗಳಿಗೆ ಪೆಟ್ಟಾಗಬಹುದು, ಅವುಗಳ ರಕ್ತ ಸಂಚಾರ ಕುಂದಬಹುದು. ಆಗ ಮೊದಲ ಕೆಲವು ದಿನಗಳಲ್ಲೇ ಕ್ಯಾಲ್ಸಿಯಂ ಕುಸಿಯುತ್ತದೆ: ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟುವಿಕೆ, ಬಳಿಕ ಕೈಕಾಲು ಸೆಟೆತ, ತೀವ್ರವಾದರೆ ಫಿಟ್ಸ್. ಮನೆಗೆ ಬಂದ ರೋಗಿ ಕೈ ಜೋಮು ಹಿಡಿಯಿತೆಂದರೆ ನಿಶ್ಶಕ್ತಿಯೆಂದು ಕಡೆಗಣಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹುಪಾಲು ಜನರಲ್ಲಿ ಇದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಔಷಧಿ ಶಾಶ್ವತ.

ಥೈರಾಯ್ಡ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಸೇವಿಸಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳು ಅದನ್ನು ಹೀರಲು ಬಿಡುವುದಿಲ್ಲ. ನಡುವೆ 4 ಗಂಟೆಗಳ ಅಂತರವಿರಲಿ. ಎದ್ದೊಡನೆ ಗುಳಿಗೆ ನುಂಗಿ, ಸ್ನಾನ, ಇಷ್ಟಲಿಂಗ ಪೂಜೆ ಮುಗಿಸಿ ಚಹಾ ಸೇವಿಸಿದರೆ ಬೇಕಾದ ಅರ್ಧ-ಒಂದು ಗಂಟೆ ತಾನಾಗಿ ಕಳೆಯುತ್ತದೆ. ಪೂಜೆಗೆ ಮುನ್ನ ನೀರೂ ಮುಟ್ಟದವರು ಪೂಜೆಯ ನಂತರ ಗುಳಿಗೆ ಸೇವಿಸಿ ಅಷ್ಟೇ ಹೊತ್ತು ಕಾಯಬಹುದು.

ಆಹಾರದ ಮಾತು ಬಂದರೆ, ನಮ್ಮ ಭಾಗದ ಜೋಳದಲ್ಲಿ 100 ಗ್ರಾಮಿಗೆ 30 ಮಿಲಿಗ್ರಾಮಿಗಿಂತ ಕಡಿಮೆ ಸುಣ್ಣವಿದೆ. ರಾಗಿಯಲ್ಲಿ 300ಕ್ಕೂ ಅಧಿಕ. ರೊಟ್ಟಿಯನ್ನು ಬಿಡಬೇಕಾಗಿಲ್ಲ, ಜೊತೆಗೆ ಮೊಸರು, ಎಳ್ಳಿನ ಹಿಂಡಿ, ನುಗ್ಗೆಸೊಪ್ಪಿನ ಪಲ್ಯವಿದ್ದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.