ಬೆಳಕಿನ ಪಟ್ಟಿಯ ಒಳಗಿನ ಲೆಕ್ಕ

ದೇವರ ಮನೆಯ ಅಂಚು, ಫಾಲ್ಸ್ ಸೀಲಿಂಗ್‌ನ ಸಂದು, ಗಣೇಶನ ಮಂಟಪ ಹೀಗೆ ಎಲ್ಲೆಡೆ ಅಂಟಿಕೊಂಡಿರುವ ಎಲ್‌ಇಡಿ ಪಟ್ಟಿಯನ್ನು ಬಹುಮಂದಿ ಅಲಂಕಾರದ ಸಾಮಗ್ರಿಯೆಂದೇ ಬಲ್ಲರಾದರೂ, ಕೈಯಾರೆ ಮಾಡಿ ಕಲಿಯುವ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಅದು ವಿದ್ಯುತ್ತಿನ ಮೂಲ ನಿಯಮಗಳನ್ನು ಕಣ್ಣೆದುರಿಗೇ ತೋರಿಸಿಕೊಡುವ ಅಪರೂಪದ ಸಾಧನವಾಗಿದೆ. ಬಾಗುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳನ್ನು ಮೂಡಿಸಿ, ಅವುಗಳ ಮೇಲೆ ಬಿಡಿ ಎಲ್‌ಇಡಿಗಳನ್ನು ಬೆಸೆದು, ಬೆನ್ನಿಗೆ ಅಂಟು ಬಳಿದ ಈ ಪಟ್ಟಿ ಸಾಮಾನ್ಯವಾಗಿ 5 ಮೀಟರ್ ಸುರುಳಿಯಾಗಿ ದೊರೆಯುತ್ತದೆ. ಇದರ ಬಿಳಿ ಬೆಳಕಿನ ಮೂಲ ನೀಲಿ ಎಲ್‌ಇಡಿ. ಅದರ ಮೇಲಿನ ಹಳದಿ ಫಾಸ್ಫರ್ ಲೇಪವು ನೀಲಿಯ ಒಂದಂಶವನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ಆ ನೀಲಿಯನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

12 ವೋಲ್ಟ್‌ನ ಬಿಳಿ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ, ಪ್ರತಿ ಮೂರು ಎಲ್‌ಇಡಿಗೊಮ್ಮೆ ಕತ್ತರಿಯ ಗುರುತೂ ಅದರ ಎರಡು ಬದಿಗೆ ಬೆಸುಗೆ ಹಾಕಲು ಬಿಟ್ಟ ತಾಮ್ರದ ಚುಕ್ಕೆಗಳೂ ಕಾಣುತ್ತವೆ. ಒಂದು ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್ ಬೇಕಾಗುವುದರಿಂದ, ಒಂದರ ಹಿಂದೊಂದು ಸರಣಿಯಾಗಿ ಕೂಡಿಸಿದ ಮೂರಕ್ಕೆ 9.6 ವೋಲ್ಟ್ ಸಂದು, ಉಳಿದ 2.4 ವೋಲ್ಟನ್ನು ಪ್ರವಾಹಕ್ಕೆ ಮಿತಿ ಹಾಕುವ ರೆಸಿಸ್ಟರ್ ಹೀರಿಕೊಳ್ಳುತ್ತದೆ. 20 ಮಿಲಿಆಂಪಿಯರ್ ಪ್ರವಾಹಕ್ಕೆ ಓಮ್‌ನ ನಿಯಮದಂತೆ ಅದು 120 ಓಮ್ ಇರಬೇಕಾಗುತ್ತದೆ. ಇಂಥ ಮೂರರ ಗುಂಪುಗಳು ಪರಸ್ಪರ ಸಮಾಂತರವಾಗಿ ಜೋಡಣೆಗೊಂಡಿರುವ ಕಾರಣ ಗುರುತಿನ ಮೇಲೆ ಎಲ್ಲಿ ಕತ್ತರಿಸಿದರೂ ಎರಡೂ ತುಂಡುಗಳು ಬೆಳಗುತ್ತವೆ. ಗುರುತು ತಪ್ಪಿದರೆ ಆ ಒಂದು ಗುಂಪು ಮಾತ್ರ ಆರುತ್ತದೆ.

ಮೀಟರಿಗೆ 60 ಎಲ್‌ಇಡಿಯುಳ್ಳ 3528 ಮಾದರಿಯ ಪಟ್ಟಿ, ಅಂದರೆ 3.5 ಮತ್ತು 2.8 ಮಿಲಿಮೀಟರ್ ಅಳತೆಯ ಎಲ್‌ಇಡಿಗಳದ್ದು, ಮೀಟರಿಗೆ 4.8 ವಾಟ್ ಬೇಡಿದರೆ, ಒಂದೊಂದರಲ್ಲೂ ಮೂರು ಚಿಪ್‌ಗಳಿರುವ 5050 ಮಾದರಿಯದು 14.4 ವಾಟ್ ಬೇಡುತ್ತದೆ. ಎರಡನೆಯದರ ಇಡೀ ಸುರುಳಿಗೆ 72 ವಾಟ್, ಅಂದರೆ 6 ಆಂಪಿಯರ್ ಬೇಕಾಗುವುದರಿಂದ, ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಅದಕ್ಕೆ ಸಾಲದು. 90ರಿಂದ 100 ವಾಟ್‌ನ ಎಸ್‌ಎಂಪಿಎಸ್ (ಸ್ವಿಚ್ಡ್ ಮೋಡ್ ಪವರ್ ಸಪ್ಲೈ) ಬಳಸುವುದೇ ಕ್ಷೇಮ.

ಬಿಡಿ ಬಿಡಿಯಾಗಿ ನಿಯಂತ್ರಿಸಬಹುದಾದ ಡಬ್ಲ್ಯುಎಸ್2812ಬಿ ಪಟ್ಟಿಗಳಲ್ಲಿ ವಿಷಯ ಇನ್ನೂ ರೋಚಕವಾಗುತ್ತದೆ. ಇಲ್ಲಿ 5 ವೋಲ್ಟ್‌ನ ಪ್ರತಿ ಎಲ್‌ಇಡಿಯೊಳಗೂ ಒಂದು ಪುಟ್ಟ ನಿಯಂತ್ರಕ ಅಡಗಿದ್ದು, ಆರ್ಡುಯಿನೊ ಅಥವಾ ಇಎಸ್‌ಪಿ32ನಂಥ ಮೈಕ್ರೋಕಂಟ್ರೋಲರ್ ಬೋರ್ಡು ಒಂದೇ ತಂತಿಯಲ್ಲಿ ಕಳಿಸುವ ಮಾಹಿತಿಯಿಂದ ಮೊದಲ 24 ಬಿಟ್‌ಗಳನ್ನು ತಾನಿಟ್ಟುಕೊಂಡು ಉಳಿದುದನ್ನು ಮುಂದಿನದಕ್ಕೆ ದಾಟಿಸುತ್ತದೆ. ಒಂದು ಎಲ್‌ಇಡಿಯ ಮಾಹಿತಿಗೆ 30 ಮೈಕ್ರೋಸೆಕೆಂಡ್ ಸಾಕಾಗುವುದರಿಂದ 300 ಎಲ್‌ಇಡಿಗಳ ಬಣ್ಣವನ್ನು ಸೆಕೆಂಡಿಗೆ ನೂರು ಸಲ ಬದಲಿಸಬಹುದು. ಫಾಸ್ಟ್‌ಎಲ್‌ಇಡಿಯಂಥ ಸಿದ್ಧ ಲೈಬ್ರರಿಗಳಿರುವುದರಿಂದ ಪ್ರೋಗ್ರಾಂ ಬರೆಯುವುದೂ ಕಷ್ಟವಲ್ಲ.

ಕಷ್ಟವಿರುವುದು ವಿದ್ಯುತ್ ಪೂರೈಕೆಯಲ್ಲಿ, ಮತ್ತು ಹೊಸಬರು ಹೆಚ್ಚಾಗಿ ಎಡವುವುದೂ ಅಲ್ಲಿಯೇ. ಪೂರ್ಣ ಬಿಳಿಯಲ್ಲಿ ಒಂದು ಎಲ್‌ಇಡಿ 60 ಮಿಲಿಆಂಪಿಯರ್‌ವರೆಗೆ ಎಳೆಯುವುದರಿಂದ 300ಕ್ಕೆ 18 ಆಂಪಿಯರ್ ಆಗುತ್ತದೆ. ಪಟ್ಟಿಯ ತೆಳು ತಾಮ್ರ ಅಷ್ಟನ್ನು ಹೊರಲಾರದು. ಹಾದಿಯಲ್ಲಿ ವೋಲ್ಟೇಜ್ ಕುಸಿದಂತೆಲ್ಲ ಹೆಚ್ಚು ವೋಲ್ಟ್ ಬೇಡುವ ನೀಲಿ ಮತ್ತು ಹಸಿರು ಮೊದಲು ಸೊರಗಿ, ಆರಂಭದಲ್ಲಿ ಅಚ್ಚಬಿಳಿಯಾಗಿದ್ದ ಬೆಳಕು ಕೊನೆಯಲ್ಲಿ ಹಳದಿಯಾಗಿ, ಮುಂದೆ ಕೆಂಪಿಗೆ ತಿರುಗುತ್ತದೆ. ಪರಿಹಾರವೆಂದರೆ, ಎರಡು ತುದಿಗಳಿಗೂ ನಡುವಿಗೂ ದಪ್ಪ ತಂತಿಯಿಂದ ಪ್ರತ್ಯೇಕವಾಗಿ ವಿದ್ಯುತ್ ಕೊಡುವುದು. ಇದರೊಂದಿಗೆ ಮಾಹಿತಿಯ ತಂತಿಗೆ 300ರಿಂದ 500 ಓಮ್‌ನ ರೆಸಿಸ್ಟರನ್ನೂ, ವಿದ್ಯುತ್ ತಂತಿಗಳ ನಡುವೆ 1000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರನ್ನೂ ಹಾಕುವುದು ರೂಢಿ. ಬೋರ್ಡಿನ ಮತ್ತು ಎಸ್‌ಎಂಪಿಎಸ್‌ನ ಗ್ರೌಂಡ್ ತಂತಿಗಳನ್ನು ಒಂದಾಗಿಸುವುದಂತೂ ಕಡ್ಡಾಯ.

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಇವೆಲ್ಲವೂ ಸಿಗುತ್ತವೆ. ಮೊದಲ ಸಲ ಕೈ ಹಾಕುವವರು 3528 ಮಾದರಿಯ ಒಂದು ಮೀಟರ್ ಬಿಳಿ ಪಟ್ಟಿ, 12 ವೋಲ್ಟ್‌ನ 1 ಆಂಪಿಯರ್ ಅಡಾಪ್ಟರ್ ಮತ್ತು ಒಂದು ಸ್ವಿಚ್ಚಿನಿಂದ ಓದುವ ಮೇಜಿನ ದೀಪವನ್ನು ಮಾಡುವುದು ಸೂಕ್ತ. ಅಂಟಿಸುವ ಮೊದಲು ಅದನ್ನು ಅರ್ಧ ಗಂಟೆ ಉರಿಸಿ, ಬೆಸುಗೆಗಳೂ ಅಡಾಪ್ಟರೂ ಬಿಸಿಯೇರುತ್ತಿಲ್ಲವೆಂದು ಖಚಿತಪಡಿಸಿಕೊಂಡರೆ ಪಟ್ಟಿಯನ್ನು ಕಿತ್ತು ಮತ್ತೆ ಅಂಟಿಸುವ ಪ್ರಸಂಗ ಬಾರದು.